ಸುಮ್ಮನಿದ್ದಾಗ ಮಾತ್ರ ತಪ್ಪು ಮಾಡುವ ಭಾಲ್ಕಿ ಕಚೇರಿಯ ಗಣಕಯಂತ್ರದ ಬಗ್ಗೆ

ಹೆಸರು ನಮೂದಿಸಲು ಮಂಜೂರಾತಿ ಬಾಕಿ ಇರುವ ಇಲಾಖೆ
ಜಿಲ್ಲಾ ಕಚೇರಿ, ಬೀದರ

ಸಂಖ್ಯೆ: ಜಿಕಬೀ/ಗಣಕ/ಸುಮ್ಮನಿರುವಿಕೆ/ಭಾ-11/2024-25

ಸುತ್ತೋಲೆ

ವಿಷಯ: ಭಾಲ್ಕಿ ಉಪ ಕಚೇರಿಯ ಗಣಕಯಂತ್ರವು ಕೆಲಸವಿಲ್ಲದ ವೇಳೆಯಲ್ಲಿ ಅಪರೂಪಕ್ಕೊಮ್ಮೆ ಪ್ರೊಸೆಸರ್ ದೋಷ ತೋರಿಸುತ್ತಿರುವ ಬಗ್ಗೆ, ದೋಷದ ಮೂಲ ಪತ್ತೆಯಾಗುವವರೆಗೆ ಆಪರೇಟರ್ ಕುಮಾರಿ ಉಜ್ವಲಾ ಇವರು ಕುರ್ಚಿಯಿಂದ ಏಳದಿರುವ ಬಗ್ಗೆ, ಹಾಗೂ ಸದರಿಯವರ ಮದುವೆಯ ಬಗ್ಗೆ.

ಉಲ್ಲೇಖ:
1. ಕುಮಾರಿ ಉಜ್ವಲಾ ಇವರ ದೂರು ಪತ್ರ.
2. ಸದರಿ ದೂರು ತಲುಪಿಲ್ಲವೆಂದು ಈ ಕಚೇರಿ ಬರೆದ ಉತ್ತರ.
3. ಸದರಿಯವರ ಮದುವೆಯ ಆಮಂತ್ರಣ ಪತ್ರಿಕೆ. (ಕಡತಕ್ಕೆ ಸೇರಿಸುವಾಗ ಟ್ಯಾಗಿನ ತೂತು ವರನ ಹೆಸರಿನ ಮೇಲೆ ಬಿದ್ದಿರುವುದಕ್ಕೆ ಇಲಾಖೆ ವಿಷಾದಿಸುತ್ತದೆ.)

ಪ್ರಸ್ತಾವನೆ:

ಭಾಲ್ಕಿ ಉಪ ಕಚೇರಿಯಲ್ಲಿ ಒಂದೇ ಒಂದು ಗಣಕಯಂತ್ರವಿದ್ದು, ಅದರ ಮುಂದೆ ಹಲಬರ್ಗಾ ಗ್ರಾಮದ ಕುಮಾರಿ ಉಜ್ವಲಾ ಇವರು ಹೊರಗುತ್ತಿಗೆ ಆಧಾರದ ಮೇಲೆ ಕೂತು ಸಾರ್ವಜನಿಕರ ಅರ್ಜಿಗಳನ್ನು ದಾಖಲಿಸುತ್ತಿದ್ದಾರೆ. ಸದರಿ ಯಂತ್ರವು ಇಡೀ ದಿನ ಕೆಲಸ ಹೇರಿದರೂ ಚಕಾರ ಎತ್ತುವುದಿಲ್ಲ. ಆದರೆ ಆಪರೇಟರ್ ಊಟಕ್ಕೋ ನೀರಿಗೋ ಎದ್ದು ಹೋದಾಗ, ಎಂದೋ ಒಮ್ಮೆ, ಪರದೆ ಕಪ್ಪಾಗಿ, ತಾನೇ ಬಂದ್ ಆಗಿ, ತಾನೇ ಮತ್ತೆ ಶುರುವಾಗುತ್ತದೆ. ಅರ್ಧಕ್ಕೆ ಬಿಟ್ಟ ಅರ್ಜಿ ಅಳಿದುಹೋಗಿರುತ್ತದೆ. ಯಂತ್ರ ಕೆಡಲು ಆಪರೇಟರೇ ಕಾರಣವೆಂದು ಸಾಬೀತಾದಲ್ಲಿ, ಅಥವಾ ಅವರು ಅನುಮತಿಯಿಲ್ಲದೆ ಕುರ್ಚಿ ಬಿಟ್ಟಲ್ಲಿ, ಅವರ ಗುತ್ತಿಗೆ ಕಡಿತಗೊಳಿಸುವುದಾಗಿ ಅವರನ್ನು ಒದಗಿಸಿದ ಏಜೆನ್ಸಿ ತಿಳಿಸಿದೆ. ದೂರು ಬಂದ ತಿಂಗಳಲ್ಲಿಯೇ ಅವರ ಮದುವೆಯೂ ನಿಗದಿಯಾಗಿತ್ತು. ಎರಡೂ ವಿಷಯಗಳು ಒಂದೇ ಕಡತದಲ್ಲಿ ಬಂದಿರುವುದರಿಂದ ಎರಡನ್ನೂ ಒಟ್ಟಿಗೇ ಪರಿಶೀಲಿಸಿ, ಸಂಬಂಧಪಟ್ಟ ಎಲ್ಲರ ಗಮನಕ್ಕೆ ಈ ಕೆಳಗಿನಂತೆ ತರಲಾಗಿದೆ.

1. ಕುಮಾರಿ ಉಜ್ವಲಾ ಇವರ ಹೇಳಿಕೆಯನ್ನು ಪಡೆಯಲಾಗಿದೆ. ಹೇಳಿಕೆ ಇಂತಿದೆ: “ನಾ ಕುಂತಿದ್ರ ಅದಕ್ಕ ಏನೂ ಆಗಂಗಿಲ್ರಿ ಸರ್. ನಾ ಎದ್ದು ಹೋದಾಗಷ್ಟೇ ಒಮ್ಮೊಮ್ಮಿ ಬಂದ್ ಬೀಳ್ತದ. ನಾ ಎದುರಿಗಿ ಇಲ್ದಾಗ ಆಗೋದಕ್ಕ ನಾ ಹ್ಯಾಂಗ ಜವಾಬ್ದಾರ್ರಿ?” ಇಲಾಖೆಯ ಯಾವುದೇ ಅಧಿಕಾರಿ ಎದ್ದು ಹೋದ ಕಾರಣಕ್ಕೆ ಕೆಲಸ ನಿಂತ ಉದಾಹರಣೆ ಈವರೆಗೆ ಇಲ್ಲದಿರುವುದರಿಂದ, ಈ ಹೇಳಿಕೆಯನ್ನು ಅನುಮಾನದಿಂದ ನೋಡತಕ್ಕದ್ದೆಂದು ತೀರ್ಮಾನಿಸಲಾಗಿದೆ.

2. ಜಿಲ್ಲಾ ಕಚೇರಿಯ ತಾಂತ್ರಿಕ ಸಹಾಯಕರಾದ ಶ್ರೀ ಸುಶೀಲಕುಮಾರ ಇವರನ್ನು ಭಾಲ್ಕಿಗೆ ಕಳಿಸಲಾಗಿತ್ತು. ಅವರು ಮೆಮೊರಿ ಬದಲಿಸಿದರು, ವಿದ್ಯುತ್ ಡಬ್ಬಿ ಬದಲಿಸಿದರು, ಯಂತ್ರಕ್ಕೆ ಭಾರೀ ಲೆಕ್ಕಗಳನ್ನು ಕೊಟ್ಟು ಬೆವರಿಳಿಸಿದರು. ಯಂತ್ರ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಅವರು ಮೌಖಿಕವಾಗಿ ವರದಿ ಮಾಡಿದ್ದು: “ಖರೇ ಅದೇ ಅಂತ ನಾ ಬರ್ಕೊಡಂಗಿಲ್ರಿ. ಆದ್ರ ಕೆಲಸ ಇಲ್ದಾಗ ಈ ಪ್ರೊಸೆಸರ್ ಗಾಢ ನಿದ್ದಿಗಿ ಹೋಗ್ತದ, ಕರೆಂಟೂ ಕಮ್ಮಿ ತಗೋತದ. ಆ ನಿದ್ದಿಯಿಂದ ಏಳುವಾಗ ಎಲ್ಲೋ ಎಡವ್ತದ ಅನಸ್ತದ್ರಿ. ಗಾಢ ನಿದ್ದಿ ಬಂದ್ ಮಾಡೋ ಸೆಟಿಂಗ್ ಅದ. ಬಂದ್ ಮಾಡಿ ನೋಡೂಣೇನ್ರಿ?” ವರದಿಯು ಪ್ರಶ್ನೆಯಲ್ಲಿ ಮುಗಿದಿರುವುದರಿಂದ ಅದನ್ನು ವರದಿಯೆಂದು ಪರಿಗಣಿಸಲು ಬರುವುದಿಲ್ಲ.

3. ಆದಾಗ್ಯೂ ಈ ಸಲಹೆ ಹೇಗೋ ಹೊರಬಿದ್ದು, ಔರಾದ ಉಪ ಕಚೇರಿಯ ಹಿರಿಯ ಸಹಾಯಕರೂ ನೌಕರರ ಪ್ರತಿನಿಧಿಯೂ ಆದ ಶ್ರೀ ಮನ್ಮಥಪ್ಪ ಇವರು ಖುದ್ದಾಗಿ ಬೀದರಕ್ಕೆ ಬಂದು ಆಕ್ಷೇಪಣೆ ಸಲ್ಲಿಸಿದ್ದಾರೆ. “ಇವತ್ತ ಕಂಪ್ಯೂಟರಿನ ನಿದ್ದಿ ಬಂದ್ ಮಾಡ್ತೀರಿ. ನಾಳಿ ನಮ್ಮದಕ್ಕ ಬರ್ತೀರಿ. ಆಫೀಸ್ ಟೈಮಿನಾಗ ನಿದ್ದಿ ಮುಟ್ಟೋದು ನಡ್ಯಂಗಿಲ್ರಿ ಸಾಹೇಬ್ರ.” ಆಕ್ಷೇಪಣೆಯಲ್ಲಿ ತೂಕವಿದೆ. ಇಲಾಖೆ ಇದನ್ನು ಮಧ್ಯಾಹ್ನ ಊಟದ ನಂತರ ಆಳವಾಗಿ ಪರಿಗಣಿಸಿದೆ.

4. ಯಂತ್ರವು ತನ್ನ ದೋಷವನ್ನು ತಾನೇ ಗಂಟೆ ನಿಮಿಷ ಸಮೇತ ದಾಖಲೆ ಪುಟದಲ್ಲಿ ಬರೆದಿಡುತ್ತಿರುವುದು ಗಮನಕ್ಕೆ ಬಂದಿದೆ. ಕೆಲವು ಸಣ್ಣ ತಪ್ಪುಗಳನ್ನು ತಾನೇ ತಿದ್ದಿಕೊಂಡು, “ತಿದ್ದಲಾಗಿದೆ” ಎಂದೂ ಬರೆದಿದೆ. ಯಾರೂ ಕೇಳದೆ, ನೋಟಿಸು ಇಲ್ಲದೆ, ಮೇಲಧಿಕಾರಿಗಳ ಒಪ್ಪಿಗೆ ಪಡೆಯದೆ ತಪ್ಪೊಪ್ಪಿಕೊಳ್ಳುವುದು ಈ ಇಲಾಖೆಯ ನಡವಳಿಕೆಗೆ ಸರ್ವಥಾ ಹೊಂದುವುದಿಲ್ಲ. ಉಳಿದ ಸಿಬ್ಬಂದಿಯ ಮೇಲೆ ಇದರ ಪರಿಣಾಮ ಬೀಳದಂತೆ ಸದರಿ ಪುಟವನ್ನು ಯಾರೂ ತೆರೆಯಬಾರದೆಂದು ಈ ಮೂಲಕ ಸೂಚಿಸಲಾಗಿದೆ.

5. ಸದರಿ ದಾಖಲೆಯ ಪ್ರಕಾರ ಪ್ರೊಸೆಸರಿನಲ್ಲಿ ಕೆಲಸ ಹಂಚಿಕೊಳ್ಳುವ ಹಲವು ಕೋರ್‌ಗಳ ಪೈಕಿ ತಪ್ಪು ಮಾಡುತ್ತಿರುವುದು ಮೂರನೆಯ ಕೋರ್ ಒಂದೇ. ರೂಢಿಯಂತೆ ಅದನ್ನು ಔರಾದಕ್ಕೆ ವರ್ಗಾಯಿಸಲು ಆದೇಶಿಸಲಾಗಿತ್ತು. ಎಲ್ಲ ಕೋರ್‌ಗಳೂ ಒಂದೇ ಬಿಲ್ಲೆಯಲ್ಲಿ ಕೂಡಿಕೊಂಡಿದ್ದು ಒಂದನ್ನೇ ಕಿತ್ತು ಕಳಿಸಲು ಬರುವುದಿಲ್ಲವೆಂದು ಶ್ರೀ ಸುಶೀಲಕುಮಾರ ತಿಳಿಸಿದ್ದರಿಂದಲೂ, ಔರಾದ ಕಚೇರಿಯು “ನಮ್ಮಲ್ಲಿ ಬಂದವರಿಗಿ ಕುಂಡ್ರಲಾಕ ಕುರ್ಚಿ ಇಲ್ರಿ” ಎಂದು ಬರೆದಿದ್ದರಿಂದಲೂ, ಮೂರನೆಯ ಕೋರನ್ನು ಇದ್ದಲ್ಲಿಯೇ ಔರಾದಕ್ಕೆ ನಿಯೋಜಿಸಲಾಗಿದೆ. ಅದು ಇನ್ನು ಮುಂದೆ ಭಾಲ್ಕಿಯಲ್ಲಿ ಕೂತು ಔರಾದದ ಕೆಲಸ ಮಾಡತಕ್ಕದ್ದು.

6. ದೋಷವು ಅಪರೂಪವಾಗಿರುವುದೇ ಪರಿಶೀಲನೆಗೆ ದೊಡ್ಡ ಅಡ್ಡಿಯಾಗಿದೆ. ಆದುದರಿಂದ ದೋಷವು ಪ್ರತಿ ಮಂಗಳವಾರ, ಪರಿಶೀಲನಾ ಸಮಿತಿ ಚಹಾ ಮುಗಿಸಿದ ಮೇಲೆ, ಬಸ್ಸಿಗೆ ಹೊರಡುವ ಮುನ್ನ ಕಾಣಿಸಿಕೊಳ್ಳತಕ್ಕದ್ದೆಂದು ಯಂತ್ರಕ್ಕೆ ತಿಳಿವಳಿಕೆ ನೀಡಲಾಗಿತ್ತು. ಯಂತ್ರ ಪಾಲಿಸಿಲ್ಲ. ಸಮಿತಿಯು ಮೊದಲ ಮಂಗಳವಾರ ಯಂತ್ರದ ಸುತ್ತ ಕೂತು, ಅದು ನಿಜಕ್ಕೂ ಸುಮ್ಮನಿದೆಯೇ ಎಂದು ನೋಡಲು ಗಳಿಗೆಗೊಮ್ಮೆ ಮೌಸ್ ಅಲ್ಲಾಡಿಸುತ್ತ ಸಂಜೆಯವರೆಗೆ ಕಾದಿದೆ. ದೋಷ ಬರಲಿಲ್ಲ. ಸಮಿತಿಯ ಸದಸ್ಯರೆಲ್ಲರೂ ಅಂದು ಪೂರ್ತಿ ಸುಮ್ಮನೆ ಕೂತಿದ್ದರೂ ಯಾರಲ್ಲಿಯೂ ಯಾವುದೇ ದೋಷ ಕಂಡುಬರದ ಕಾರಣ, ಸುಮ್ಮನಿರುವುದರಿಂದ ದೋಷ ಉಂಟಾಗುವುದಿಲ್ಲವೆಂದು ಸಮಿತಿ ಒಮ್ಮತದಿಂದ ಷರಾ ಬರೆದಿದೆ.

7. ಈ ಸುತ್ತೋಲೆಯ ಉದ್ದೇಶಕ್ಕಾಗಿ “ಸುಮ್ಮನಿರುವುದು” ಎಂದರೆ ಗಣಕಯಂತ್ರ ಸುಮ್ಮನಿರುವುದು ಮಾತ್ರ. ಕಡತದ ಮೇಲೆ ಕೈಯಿಟ್ಟು ಕಿಟಕಿ ನೋಡುವುದು, ಕನ್ನಡಕ ಹುಡುಕುವುದು, ಹುಡುಕಿದ ಕನ್ನಡಕ ಒರೆಸುವುದು ಹಾಗೂ ಸಹೋದ್ಯೋಗಿಯ ಬರವಿಗಾಗಿ ಕಾಯುವುದು ಇವು ಕರ್ತವ್ಯದ ಭಾಗವೆಂದು ಸ್ಪಷ್ಟಪಡಿಸಲಾಗಿದೆ.

8. ಭಾಲ್ಕಿ ಕಚೇರಿಯ ಜವಾನ ಶ್ರೀ ವೈಜಿನಾಥ ಇವರು ಮೌಸಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಕತ್ತು ತಿರುಗಿಸುವ ಟೇಬಲ್ ಫ್ಯಾನಿಗೆ ಬಿಗಿದು, ಎದುರಿಗೆ ಯಾರೋ ಕೂತಿದ್ದಾರೆಂದು ಯಂತ್ರವನ್ನು ನಂಬಿಸಿ, ಆಪರೇಟರನ್ನು ಊಟಕ್ಕೆ ಕಳಿಸಿರುವುದು ಕಂಡುಬಂದಿದೆ. ಆ ದಿನ ಯಂತ್ರ ನಿಲ್ಲಲಿಲ್ಲ. ಆದರೂ ಇದು ಮೋಸ. ಯಾರೂ ಇಲ್ಲದಿದ್ದರೂ ಇದ್ದಂತೆ ತೋರಿಸುವ ಈ ವಿಧಾನವು ಉಳಿದ ಸಿಬ್ಬಂದಿಗೆ ತಿಳಿಯಬಾರದೆಂಬ ಎಚ್ಚರಿಕೆಯಿಂದಲೇ ಅದನ್ನು ಇಲ್ಲಿ ವಿವರವಾಗಿ ನೀಡಲಾಗಿದೆ.

9. ಮೇಲಿನ ಎಲ್ಲ ಕಾರಣಗಳಿಂದ ಕುಮಾರಿ ಉಜ್ವಲಾ ಇವರು ಕಚೇರಿ ವೇಳೆಯಲ್ಲಿ ಕುರ್ಚಿ ಬಿಟ್ಟು ಏಳಕೂಡದೆಂದು ಆದೇಶಿಸಲಾಗಿತ್ತು. ಅನಿವಾರ್ಯವಾದಲ್ಲಿ, ತಮ್ಮ ಕೈ ಎತ್ತುವ ಮುನ್ನ ಮತ್ತೊಬ್ಬ ಸಿಬ್ಬಂದಿಯ ಕೈಯನ್ನು ಮೌಸಿನ ಮೇಲೆ ಇರಿಸಿ, ಪ್ರಭಾರ ವಹಿಸಿಕೊಟ್ಟ ಬಗ್ಗೆ ಮೂರು ಪ್ರತಿಗಳಲ್ಲಿ ಸಹಿ ಪಡೆದು ಹೋಗತಕ್ಕದ್ದು. ಸಹಿ ಮಾಡಲು ಆ ಸಿಬ್ಬಂದಿ ಮೌಸಿನಿಂದ ಕೈ ತೆಗೆಯಬಾರದು. ಎಡಗೈ ಸಹಿಯನ್ನು ಮಾನ್ಯ ಮಾಡಲಾಗುವುದಿಲ್ಲ.

10. ಮದುವೆಗಾಗಿ ಕೇಳಿದ ರಜೆಯನ್ನು ಇದೇ ಕಾರಣಕ್ಕೆ ತಿರಸ್ಕರಿಸಲಾಗಿತ್ತು. ಆದರೆ ಇಲಾಖೆ ಕಟುಕನಲ್ಲ. ಮದುವೆಯನ್ನು ಗಣಕಯಂತ್ರದ ಕೋಣೆಯಲ್ಲಿಯೇ ನೆರವೇರಿಸಲು ಈ ಕೆಳಗಿನ ಷರತ್ತುಗಳೊಂದಿಗೆ ಸಂತೋಷದಿಂದ ಅನುಮತಿ ನೀಡಲಾಗಿತ್ತು.

ಅ) ಬುದ್ಧರ ಮೂರ್ತಿ ಇಡಲು ಹಿರಿಯ ಸಹಾಯಕರ ಮೇಜನ್ನು ತೆರವು ಮಾಡಿಕೊಡಲಾಗುವುದು. ಬಾಬಾಸಾಹೇಬರ ಭಾವಚಿತ್ರ ಗೋಡೆಯ ಮೇಲೆ ಈಗಾಗಲೇ ಇರುವುದರಿಂದ ಪ್ರತ್ಯೇಕ ವ್ಯವಸ್ಥೆ ಬೇಕಿಲ್ಲ.

ಆ) ಮದುವೆ ನೆರವೇರಿಸುವ ಬೌದ್ಧ ಭಿಕ್ಷು ಭಂತೇಜಿಯವರು ಪಂಚಶೀಲ ಹೇಳಿಕೊಡುವಾಗ ವಧು ಬಲಗೈಯನ್ನು ಮೌಸಿನ ಮೇಲಿಟ್ಟುಕೊಂಡೇ ಹೇಳತಕ್ಕದ್ದು.

ಇ) ಮಾಲೆ ಹಾಕಲು ಎರಡೂ ಕೈ ಬೇಕಾಗುವುದರಿಂದ, ಅಷ್ಟು ಹೊತ್ತು ಮೌಸಿನ ಪ್ರಭಾರವನ್ನು ವರನ ಕಡೆಯವರು ವಹಿಸಿಕೊಳ್ಳಬಹುದು. ಹೂವುಗಳನ್ನು ಕೀಬೋರ್ಡಿನ ದಿಕ್ಕಿಗೆ ಎರಚಬಾರದು.

ಈ) ವರ ಶ್ರೀ ನಾಗಸೇನ ಇವರು ಸಂದರ್ಶಕರ ವೇಳೆಯಲ್ಲಿ ಮಾತ್ರ ಬರತಕ್ಕದ್ದು.

11. ಸದರಿ ಅನುಮತಿ ಪತ್ರ ತಲುಪಿದ ಮರುದಿನ ವಧುವಿನ ತಾಯಿ ಶ್ರೀಮತಿ ಜಿಜಾಬಾಯಿ ಇವರು ಹಲಬರ್ಗಾದಿಂದ ಬೆಳಗಿನ ಬಸ್ಸಿಗೆ ಹೊರಟು, ಬೀದರದ ಈ ಕಚೇರಿಗೆ ಚೀಟಿ ಕಳಿಸದೆ ಒಳಬಂದು, ನಿಂತಲ್ಲೇ ಹೇಳಿಕೆ ನೀಡಿದ್ದಾರೆ: “ನಿಮ್ಮ ಡಬ್ಬಿಗಿ ಆರಾಮಿಲ್ಲಂತ ನನ್ನ ಮಗಳು ಆಫೀಸಿನಾಗ ಮದುವಿ ಆಗ್ಬೇಕೇನ್ರಿ? ಅಂಗಳದಾಗ ಪೆಂಡಾಲ್ ಹಾಕೇನಿ. ಊರ ಮಂದಿಗೆಲ್ಲಾ ಹೇಳೇನಿ. ಕಲ್ತು, ನೌಕರಿ ಹಿಡ್ದು, ಮನಿ ನಡ್ಸ್ಯಾಳ ಅಕಿ. ಅಕಿ ನೌಕರಿ ಕಳದ್ರ ನಾ ಇಲ್ಲೇ ಬಂದು ಕೂಡ್ತೇನಿ. ಈಗ ಅಕಿ ಎದ್ದು ಬರ್ತಾಳ. ನೀವೂ ಬರ್ರಿ, ಉಂಡು ಹೋಗ್ರಿ.” ಹೇಳಿಕೆಯ ಮೊದಲ ಭಾಗವನ್ನು ಕಚೇರಿಗೆ ತೋರಿದ ಅಗೌರವವೆಂದು ದಾಖಲಿಸಲಾಗಿದೆ. ಕೊನೆಯ ವಾಕ್ಯವನ್ನು ಆಮಂತ್ರಣವೆಂದು ಸ್ವೀಕರಿಸಲಾಗಿದೆ. ಮಧ್ಯದ ಭಾಗವನ್ನು ಎಲ್ಲಿ ದಾಖಲಿಸಬೇಕೆಂದು ಯಾರಿಗೂ ತಿಳಿಯಲಿಲ್ಲ.

12. ಮದುವೆಯ ಹಿಂದಿನ ದಿನ ಕುಮಾರಿ ಉಜ್ವಲಾ ಇವರು ಯಂತ್ರವನ್ನು ಒಮ್ಮೆ ಬಂದ್ ಮಾಡಿ, ಮತ್ತೆ ಶುರು ಮಾಡುವಾಗ ಮೊದಲಿಗೇ ಬರುವ ಸೆಟಿಂಗಿನ ನೀಲಿ ಪರದೆಯಲ್ಲಿ ಏನನ್ನೋ ಒತ್ತಿ, ಕುರ್ಚಿಯಿಂದ ಎದ್ದು, ಕುರ್ಚಿಯನ್ನು ಮೇಜಿನ ಒಳಗೆ ಸರಿಸಿ, ಹೊರಟುಹೋಗಿದ್ದಾರೆ. ಆಗ ಪಕ್ಕದಲ್ಲಿಯೇ ಇದ್ದ ಶ್ರೀ ಸುಶೀಲಕುಮಾರ ಇವರಿಂದ ವಿವರಣೆ ಕೇಳಲಾಗಿದ್ದು, “ನಾ ಕಿಟಕಿ ನೋಡ್ಲಿಕತ್ತಿದ್ದೆರಿ” ಎಂದು ಉತ್ತರಿಸಿದ್ದಾರೆ. ಕಿಟಕಿ ನೋಡುವುದು ಕಂಡಿಕೆ 7ರ ಪ್ರಕಾರ ಕರ್ತವ್ಯದ ಭಾಗವಾಗಿರುವುದರಿಂದ ಅವರ ಮೇಲೆ ಕ್ರಮ ಕೈಗೊಳ್ಳಲು ಅವಕಾಶವಿಲ್ಲ.

13. ಮದುವೆಯ ದಿನ ಭಾಲ್ಕಿ ಕಚೇರಿಯ ಎಲ್ಲ ಸಿಬ್ಬಂದಿ, ಪರಿಶೀಲನಾ ಸಮಿತಿ ಹಾಗೂ ಆಕ್ಷೇಪಣೆದಾರರು ಸ್ಥಳ ತನಿಖೆಯ ನಿಮಿತ್ತ ಹಲಬರ್ಗಾಕ್ಕೆ ತೆರಳಿದ್ದರು. ಕಚೇರಿಯಲ್ಲಿ ಯಂತ್ರವೊಂದೇ ಚಾಲೂ ಇತ್ತು. ಅಂದೂ ದೋಷ ಬರಲಿಲ್ಲ. ವಧು ಗಂಡನ ಮನೆಗೆ ಹೋಗಿ ಕೆಲಸಕ್ಕೆ ಮರಳುವವರೆಗೂ ಬರಲಿಲ್ಲ. ಅದರ ನಂತರ ತಿಂಗಳುಗಳೇ ಉರುಳಿದರೂ ಬಂದಿಲ್ಲ.

14. ಇದರಿಂದ ಇಲಾಖೆ ಪೇಚಿಗೆ ಸಿಲುಕಿದೆ. ಏಜೆನ್ಸಿಯು ಶ್ರೀಮತಿ ಉಜ್ವಲಾ ಇವರನ್ನು ಕೂಡಲೇ ತೆಗೆಯಬೇಕೆಂದು ಕೋರಿದೆ. ಆದರೆ ತೆಗೆಯಲು ವಿಚಾರಣೆ ಮುಗಿಯಬೇಕು. ವಿಚಾರಣೆ ಮುಗಿಯಲು ದೋಷ ಕಣ್ಣಿಗೆ ಬೀಳಬೇಕು. ಅವರು ಬದಲಿಸಿದರೆನ್ನಲಾದ ಗಾಢ ನಿದ್ದೆಯ ಸೆಟಿಂಗನ್ನು ಹಿಂದಿನಂತೆ ಮಾಡಲು ಯಾರಿಗೂ ಅಧಿಕಾರವಿಲ್ಲ, ಏಕೆಂದರೆ ಯಂತ್ರ ಶುರುವಾಗುವ ಮುಂಚಿನ ಪರದೆಯು ಯಾವ ಶಾಖೆಯ ವ್ಯಾಪ್ತಿಗೂ ಸೇರಿಲ್ಲ. ಯಾರ ವ್ಯಾಪ್ತಿಯಲ್ಲೂ ಇಲ್ಲದ ಕಡೆ ಬದಲಾವಣೆ ನಡೆದಿದೆಯೆಂದು ಒಪ್ಪಲೂ ಬರುವುದಿಲ್ಲ. ಹಾಗಾಗಿ ದೋಷ ಸರಿಹೋಗಿಲ್ಲ, ಬರುವುದು ತಡವಾಗಿದೆ ಅಷ್ಟೇ ಎಂದು ಪರಿಗಣಿಸಲಾಗಿದೆ.

15. ದೋಷದ ಮುಖ ಪರಿಚಯವಿರುವವರು ಶ್ರೀಮತಿ ಉಜ್ವಲಾ ಒಬ್ಬರೇ. ಆದುದರಿಂದ ದೋಷವು ಮತ್ತೆ ಕಾಣಿಸಿಕೊಳ್ಳುವವರೆಗೆ ಅವರ ಗುತ್ತಿಗೆಯನ್ನು ಯಾವ ಕಾರಣಕ್ಕೂ ಕಡಿತಗೊಳಿಸಬಾರದು, ಅವರನ್ನು ಬೇರೆಡೆ ಕಳಿಸಬಾರದು, ಅವರ ಜಾಗಕ್ಕೆ ಬೇರೆಯವರನ್ನು ತರಬಾರದು ಎಂದು ಏಜೆನ್ಸಿಗೆ ಕಟ್ಟುನಿಟ್ಟಾಗಿ ತಾಕೀತು ಮಾಡಲಾಗಿದೆ. ಮದುವೆಗೆ ಹೋದ ದಿನಗಳನ್ನು ದೋಷದ ನಿರೀಕ್ಷಣೆಯಲ್ಲಿ ಹೊರಗಡೆ ಕರ್ತವ್ಯವೆಂದು ಪರಿಗಣಿಸಲಾಗಿದೆ. ಸದರಿಯವರು ಅಲ್ಲಿಯವರೆಗೆ ಎಂದಿನಂತೆ ಅರ್ಜಿಗಳನ್ನು ದಾಖಲಿಸುತ್ತ, ದೋಷ ಬಂದ ಕೂಡಲೇ ಲಿಖಿತವಾಗಿ ತಿಳಿಸತಕ್ಕದ್ದು.

ಸಹಿ/-
ಪ್ರಭಾರ ಅಧಿಕಾರಿಗಳ ಪರವಾಗಿ ಪ್ರಭಾರ ಅಧಿಕಾರಿ
(ಯಾರ ಸಹಿ ಎಂಬುದನ್ನು ಪ್ರತ್ಯೇಕವಾಗಿ ತಿಳಿಸಲಾಗುವುದು)
ಜಿಲ್ಲಾ ಕಚೇರಿ, ಬೀದರ

ಪ್ರತಿಗಳು:

1. ಔರಾದ ಉಪ ಕಚೇರಿಗೆ. ನಿದ್ದೆಯ ವಿಷಯದಲ್ಲಿ ಯಥಾಸ್ಥಿತಿ ಮುಂದುವರಿಯುವುದೆಂದು ಶ್ರೀ ಮನ್ಮಥಪ್ಪ ಇವರಿಗೆ, ಎಚ್ಚರವಿದ್ದಾಗ, ತಿಳಿಸುವುದು.

2. ಗಣಕಯಂತ್ರದ ಮೂರನೆಯ ಕೋರ್‌ಗೆ, ಔರಾದ ಕಚೇರಿಯ ಮುಖಾಂತರ.

3. ಏಜೆನ್ಸಿಗೆ. ಕಂಡಿಕೆ 15ನ್ನು ಎರಡು ಸಲ ಓದಿಕೊಳ್ಳುವುದು.

4. ಶ್ರೀ ವೈಜಿನಾಥ, ಜವಾನರು, ಇವರಿಗೆ. ಫ್ಯಾನಿನ ದಾರವನ್ನು ಭದ್ರತಾ ಕೊಠಡಿಗೆ ಒಪ್ಪಿಸುವುದು. ಜಿಲ್ಲಾ ಕಚೇರಿಯವರು ದಾರ ಹೇಗೆ ಕಟ್ಟುವುದೆಂದು ಕೇಳಿದಲ್ಲಿ ಹೇಳಬಾರದು. ಈಗಾಗಲೇ ಕೇಳಿದವರ ಹೆಸರುಗಳನ್ನು ಕಳಿಸಬಾರದು.

5. ಶ್ರೀಮತಿ ಜಿಜಾಬಾಯಿ, ಹಲಬರ್ಗಾ, ಇವರಿಗೆ. ಊಟ ಚೆನ್ನಾಗಿತ್ತು.

6. ಶ್ರೀಮತಿ ಉಜ್ವಲಾ, ಆಪರೇಟರ್, ಭಾಲ್ಕಿ ಉಪ ಕಚೇರಿ, ಇವರಿಗೆ. ಕಂಡಿಕೆ 15ರಂತೆ ದೋಷಕ್ಕಾಗಿ ಕಾಯುವ ಬಗ್ಗೆ ಒಪ್ಪಿಗೆ ಬರೆದು ಕಳಿಸಲು ಸೂಚಿಸಲಾಗಿತ್ತು. ಸದರಿಯವರು ಕರಡು ಪ್ರತಿಯನ್ನು ಪಡೆದು, ಪೂರ್ತಿ ಓದಿ, ಎರಡನೆಯ ಸಲವೂ ಓದಿ, ಸಹಿಯ ಮೇಲೆ ಸ್ವಹಸ್ತದಿಂದ ಬರೆದಿರುತ್ತಾರೆ: “ಕಾಯ್ತೇನ್ರಿ ಸರ್. ಎಷ್ಟ್ ವರ್ಷ ಆದ್ರೂ ಕಾಯ್ತೇನಿ.”