ಮಾಸ್ತರರು ಇಳಿಸಿದ ವಿಮಾನ

ಖಾಸಬಾಗದಲ್ಲಿ ನಾನು ಮೊಬೈಲ್ ಅಂಗಡಿ ಇಟ್ಟಿದ್ದ ದಿನಗಳಲ್ಲಿ ನನ್ನ ಕೌಂಟರಿನ ಮೇಲೆ ದಿನಕ್ಕೆ ಏನಿಲ್ಲೆಂದರೂ ಇಪ್ಪತ್ತು ವಿಮಾನ ಬೀಳುತ್ತಿದ್ದವು. ಇಂಥವೆಲ್ಲ ನನಗೇ ಯಾಕೆ ಗಂಟು ಬೀಳುತ್ತವೆ ಎಂದು ಮನೆಯವಳನ್ನು ಕೇಳಿದರೆ, "ನೀವ ಕರದು ಕುಂದರಸ್ತೀರಿ, ಮತ್ಯಾರಿಗೆ ಗಂಟು ಬೀಳಬೇಕು?" ಎನ್ನುತ್ತಾಳೆ. ಅದೂ ಸುಳ್ಳಲ್ಲ.

ಬಣ್ಣದ ಪರದೆಯ ಫೋನುಗಳು ಆಗಿನ್ನೂ ಹೊಸದಾಗಿ ಬಂದಿದ್ದವು. ಗಿರಾಕಿಗಳಿಗೆ ತೋರಿಸಲೆಂದು ಇಟ್ಟಿದ್ದ ಒಂದು ಫೋನಿನಲ್ಲಿ ವಿಮಾನ ಹಾರಿಸುವ ಆಟವಿತ್ತು. ಎರಡು ಒತ್ತಿದರೆ ಮೇಲೆ, ಎಂಟು ಒತ್ತಿದರೆ ಕೆಳಗೆ, ನಾಲ್ಕು ಎಡಕ್ಕೆ, ಆರು ಬಲಕ್ಕೆ, ಐದು ಒತ್ತಿದರೆ ಗಾಲಿ ಹೊರಗೆ ಬರುತ್ತಿದ್ದವು. ಏರಿಸುವುದು ಯಾರಿಗೂ ಬರುತ್ತಿತ್ತು. ಇಳಿಸುವುದು ಮಾತ್ರ ಅಂಗಡಿಯ ಮಾಲಕನಾದ ನನಗೂ ಬರುತ್ತಿರಲಿಲ್ಲ.

೧. ಖೋಕಾದೊಳಗಿನ ಕಾಲು

ಮೊದಲು ಇಳಿಸಿದವರು ಶಹಾಪುರದ ನೇಕಾರ ಕಾಕಾ. ಹುಟ್ಟಿದಾಗಿನಿಂದ ಕೈಮಗ್ಗದ ಮೇಲೆ ಸೀರೆ ನೇಯ್ದ ಮನುಷ್ಯ. ಫೋನಿನ ಗಂಟೆ ಜೋರು ಮಾಡಿಸಿಕೊಳ್ಳಲು ಬಂದವರು, ಬಾಜೂಕಿದ್ದ ವಿಮಾನ ನೋಡಿ ಕೈಗೆತ್ತಿಕೊಂಡರು. ಬಿತ್ತು. ಮತ್ತೆ ಹಾರಿಸಿದರು, ಮತ್ತೆ ಬಿತ್ತು. ಐದನೆಯ ಸಲ ಬಿದ್ದಾಗ ನನ್ನನ್ನೇ ಗದರಿಸಿದರು.

"ಹಿಂಗ ನಿಂತು ಆಡಿದ್ರ ಹೆಂಗ ಬರ್ತೈತ್ರಿ? ಕಾಲಿಗೆ ಕೆಲಸ ಇಲ್ಲಂದ್ರ ಕೈ ಓಡೂದಿಲ್ಲ. ಎತ್ತರದ್ದ ಒಂದ ಸ್ಟೂಲ್ ಕೊಡ್ರಿ."

ಸ್ಟೂಲು ಕೊಟ್ಟೆ. ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಅವರ ಮನೆಯಲ್ಲಿ ಮಗ್ಗದ ಕೆಳಗೆ ನೆಲದಲ್ಲೊಂದು ಕುಣಿ ತೋಡಿರುತ್ತಾರೆ, ಅದರೊಳಗೆ ಕಾಲು ಇಳಿಬಿಟ್ಟು ಹಲಗೆಗಳನ್ನು ತುಳಿಯುತ್ತ ನೇಯಬೇಕು. ಅಂಗಡಿಯಲ್ಲಿ ಕುಣಿ ಎಲ್ಲಿಂದ ತರಲಿ? ಮೂಲೆಯಲ್ಲಿ ಫೋನುಗಳು ಬಂದಿದ್ದ ಖಾಲಿ ರಟ್ಟಿನ ಖೋಕಾ ಇತ್ತು. ಅದನ್ನೇ ಎಳೆದುಕೊಂಡು ಎರಡೂ ಕಾಲು ಅದರೊಳಗೆ ಇಟ್ಟರು. ಎಡಗಾಲು, ಬಲಗಾಲು, ಎಡಗಾಲು, ಬಲಗಾಲು. ಮೇಲೆ ಹೆಬ್ಬೆರಳು ಓಡತೊಡಗಿತು. ವಿಮಾನ ಹೂವಿನ ಹಾಗೆ ನೆಲಕ್ಕೆ ಕೂತಿತು. ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಮರುದಿನ ಇಬ್ಬರು ಕಾಲೇಜಿನವರು ಬಂದು ಆ ಫೋನಿನ ದರ ಕೇಳಿದರು. ಹೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಖೋಕಾ ಅದರ ಜೋಡಿನ ಬರ್ತೈತೋ, ಬ್ಯಾರೆ ತಗೋಬೇಕೋ?" ಎಂದರು.

೨. ದೇಸೂರ ದಾಟಿದ ಮೇಲೆ

ನನ್ನ ಮನೆ ಖಾನಾಪುರದಲ್ಲಿ. ದಿನಾಲೂ ರೈಲಿನಲ್ಲೇ ಓಡಾಟ. ಒಂದು ಸಂಜೆ ಆ ಫೋನನ್ನು ಜೇಬಿನಲ್ಲಿ ಹಾಕಿಕೊಂಡು ಪ್ಯಾಸೆಂಜರ್ ಗಾಡಿ ಹತ್ತಿದೆ. ಪಾಸು ಇಟ್ಟುಕೊಂಡ ನಾವೆಲ್ಲ ಒಂದೇ ಡಬ್ಬಿಯಲ್ಲಿ ಕೂಡುತ್ತಿದ್ದೆವು. ಅವರಲ್ಲಿ ದೇಸೂರಿನಲ್ಲಿ ಇಳಿಯುವ ಒಬ್ಬ ಗುಮಾಸ್ತ ಇದ್ದ. ಬಲು ಶಿಸ್ತಿನ ಮನುಷ್ಯ. ಗಾಡಿ ನಿಲ್ಲುವುದಕ್ಕೆ ಐದು ನಿಮಿಷ ಮುಂಚೆಯೇ ಊಟದ ಡಬ್ಬಿಯ ಚೀಲ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ.

ಆ ದಿನ ಅವನ ಕೈಗೆ ಫೋನು ಹೋಯಿತು. ದೇಸೂರ ಬಂತು. ಪ್ಲಾಟ್‌ಫಾರ್ಮಿನ ಮೇಲೆ ಅವನ ತಮ್ಮ ಸೈಕಲ್ ಹಿಡಿದು ನಿಂತಿದ್ದ. "ಅಣ್ಣಾ! ಇಳೀಯೋ!" ಎಂದು ಕಿಟಕಿಯ ಹತ್ತಿರ ಬಂದು ಕೂಗಿದ. ಇವನು ತಲೆ ಎತ್ತದೆ, "ತಡಿ, ಗಾಲಿ ಬಿಡಾಕ ಹತ್ತೇನಿ" ಎಂದು ಒಂದು ಕೈ ಎತ್ತಿ ಆಡಿಸಿದ. ನಾವು ಎಬ್ಬಿಸಬೇಕಿತ್ತು ನಿಜ. ಆದರೆ ನಾವೂ ವಿಮಾನವನ್ನೇ ನೋಡುತ್ತಿದ್ದೆವು. ಗಾಡಿ ಹೊರಟಿತು, ವಿಮಾನ ಬಿತ್ತು, ಅವನು ಖಾನಾಪುರದ ತನಕ ಬಂದು ಟೆಂಪೋ ಹಿಡಿದು ಹಿಂದಕ್ಕೆ ಹೋದ.

ಪೂರ್ತಿ ಕಥೆ ಮರುದಿನ ತಿಳಿಯಿತು. ಹಿಂದಿನ ದಿನ ಬೆಳಿಗ್ಗೆ ಇವನು ಬದನೆಕಾಯಿ ಪಲ್ಯದ ವಿಷಯಕ್ಕೆ ಹೆಂಡತಿಯ ಜೊತೆ ಜಗಳ ತೆಗೆದು, "ಈ ಮನಿ ಊಟ ಸಾಕಾತು" ಎಂದು ಹೇಳಿ ಬಂದಿದ್ದನಂತೆ. ತಮ್ಮನು ಮನೆಗೆ ಹೋಗಿ, "ಅಣ್ಣ ಇಳೀಲೇ ಇಲ್ಲ. ನನ್ನ ಕಡೆ ಕೈ ಮಾಡಿ ಮುಂದ ಹೋದ" ಎಂದು ಹೇಳಿದ. ಮನೆ ಬಿಟ್ಟೇ ಹೋದರೆಂದು ಆಕೆ ಅತ್ತು ಕರೆದು, ತಿರುಗಿ ಬಂದರೆ ಇರಲಿ ಎಂದು ಹೋಳಿಗೆ ಮಾಡಿಟ್ಟಿದ್ದಳು. ಇದನ್ನೆಲ್ಲ ಹೇಳಿ ಮುಗಿಸಿದ ಗುಮಾಸ್ತ ನನ್ನ ಹತ್ತಿರ ಸರಿದು ಕೂತು, "ಮತ್ತ ಯಾವಾಗ ತರ್ತೀರಿ ಆ ಫೋನು?" ಎಂದು ಕೇಳಿದ.

೩. ನಲವತ್ತಕ್ಕೆ ಸೊನ್ನೆ

ಗುಮಾಸ್ತ ದೇಸೂರ ದಾಟಿ ಬಂದ ಆ ಸಂಜೆ ನಮ್ಮ ಎದುರಿನ ಸೀಟಿನಲ್ಲಿ ಖಾನಾಪುರದ ಹೆಡ್‌ಮಾಸ್ತರರು ಕೂತಿದ್ದರು. ನಿವೃತ್ತರು. ಸಾಲಿಯಲ್ಲಿ ನನಗೆ ಗಣಿತ ಕಲಿಸಿದವರು, ಅಥವಾ ಕಲಿಸಲು ಪ್ರಯತ್ನಪಟ್ಟವರು. ರಸ್ತೆಯಲ್ಲಿ ಹೆಂಡತಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುವ ಹಳೆಯ ಕಾಲದ ಗಂಡಸು. ಆಕೆಯನ್ನು ಊರಿನವರೆಲ್ಲ ಅವ್ವಾರು ಎನ್ನುತ್ತಿದ್ದೆವು. ಅವ್ವಾರ ತಮ್ಮ ಮುಂಬಯಿಯಲ್ಲಿ ಹೊಸ ಮನೆ ಕಟ್ಟಿಸಿ, ವಾಸ್ತುಶಾಂತಿಗೆ ಬರಲೇಬೇಕೆಂದು ಇಬ್ಬರಿಗೂ ವಿಮಾನದ ಟಿಕೀಟು ಕಳಿಸಿದ್ದ. ಆಗ ನಮ್ಮ ಸಾಂಬ್ರಾ ವಿಮಾನ ನಿಲ್ದಾಣದಿಂದ ಮುಂಬಯಿಗೆ ಸಣ್ಣ ವಿಮಾನವೊಂದು ಇದ್ದಾಗ ಇರುತ್ತಿತ್ತು, ಇಲ್ಲದಾಗ ಇಲ್ಲ.

ಗುಮಾಸ್ತನ ವಿಮಾನ ಬಿದ್ದದ್ದನ್ನು ಮಾಸ್ತರರು ಕನ್ನಡಕ ಏರಿಸಿ ನೋಡಿದರು. ಮರುದಿನವೇ ಅಂಗಡಿಗೆ ಬಂದು ಆ ಫೋನನ್ನೇ ಕೊಂಡರು. "ಸಿಮ್ ಯಾವುದು ಹಾಕಲಿ ಸರ್?" ಎಂದೆ. "ಸಿಮ್ ಯಾಕ? ನಾ ಯಾರ ಜೋಡಿ ಮಾತಾಡ್ಲಿ? ಹತ್ತೂದಕ್ಕಿಂತ ಮೊದಲ ಅಭ್ಯಾಸ ಮಾಡೂಣಂತ."

ಅವರ ಅಭ್ಯಾಸವೆಂದರೆ ಅಭ್ಯಾಸ. ಪಂಚಾಂಗದ ತಿಥಿ ಎಣಿಸುವ ಹಾಗೆ ಬೆರಳಿನ ಗೆಣ್ಣುಗಳ ಮೇಲೆ ಫೋನಿನ ಗುಂಡಿಗಳನ್ನೆಲ್ಲ ಕೂರಿಸಿಬಿಟ್ಟರು. ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು, ಒಟ್ಟು ಹನ್ನೆರಡು. ಫೋನಿನ ಗುಂಡಿಗಳೂ ಹನ್ನೆರಡೇ. ತೋರುಬೆರಳಿನ ನಡು ಗೆಣ್ಣು ಎರಡು, ಅಲ್ಲಿ ಏರಬೇಕು. ಉಂಗುರ ಬೆರಳಿನ ನಡು ಗೆಣ್ಣು ಎಂಟು, ಅಲ್ಲಿ ಇಳಿಯಬೇಕು. ನಡುಬೆರಳಿನ ನಡು ಗೆಣ್ಣು ಐದು, ಗಾಲಿ. ಸಂತೆಗೆ ಹೋಗುವಾಗಲೂ ಹೆಬ್ಬೆರಳು ಗೆಣ್ಣಿನ ಮೇಲೆ ಓಡುತ್ತಿತ್ತು. ಎದುರಿಗೆ ಬಂದವರು ಮಾಸ್ತರರು ಜಪಕ್ಕೆ ಕೂತಿದ್ದಾರೆಂದು ದಾರಿ ಬಿಡುತ್ತಿದ್ದರು.

ವಾರದ ಮೇಲೆ ಅಂಗಡಿಗೆ ಬಂದರು. ಮುಖ ಫಲಿತಾಂಶದ ದಿನದ ಮುಖ.

"ಎಷ್ಟ ಸರ್ತಿ ಹಾರಸಿದೆ? ನಲವತ್ತು. ಎಷ್ಟ ಸರ್ತಿ ನೆಟ್ಟಗ ಇಳೀತು? ಒಂದೂ ಇಲ್ಲ. ನಲವತ್ತಕ್ಕ ಸೊನ್ನಿ. ಸೊನ್ನಿ ತಗೊಂಡವನ್ನ ನಾ ಯಾವತ್ತಾದ್ರೂ ಪಾಸ್ ಮಾಡೇನೇನು?"

"ಇಲ್ರಿ ಸರ್" ಎಂದೆ. ಈ ವಿಷಯದಲ್ಲಿ ನನ್ನದು ಸ್ವಂತ ಅನುಭವ.

"ಅದಕ್ಕ ವಿಮಾನ ರದ್ದು. ರೈಲಿಗೆ ಹೋಗ್ತೀವಿ."

"ಸರ್, ಇದು ಆಟರಿ. ಖರೇ ವಿಮಾನ ನಡಸವ್ರು ಕಲತವ್ರು ಇರ್ತಾರ್ರಿ."

ಮಾಸ್ತರರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕಲತವ್ರಾ? ನೀನೂ ನನ್ನ ಕಡೆನ ಕಲತಿ."

೪. ವಿಭೂತಿಯ ಪ್ರಭಾವ

ಮರುದಿನ ಅವ್ವಾರು ಒಬ್ಬರೇ ಬಸ್ಸು ಹಿಡಿದು ಅಂಗಡಿಗೆ ಬಂದರು. ಕೈಯಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಗಂಟು. ಅದನ್ನು ಕೌಂಟರಿನ ಮೇಲಿಟ್ಟು ಸ್ಟೂಲಿನ ಮೇಲೆ ಕೂತರು.

"ನನ್ನ ತವರಮನಿ ಸಾಂಬ್ರಾ ಬಾಜೂಕ ಐತಿ ತಮ್ಮಾ. ಸಣ್ಣಾಕಿದ್ದಾಗ ಹೊಲದಾಗ ಮೆಣಸಿನಕಾಯಿ ಹರೀತಿದ್ರ ತಲಿ ಮ್ಯಾಲ ವಿಮಾನ ಹೋಗತಿದ್ವು. ಎಲ್ಲಾರೂ ಕೈ ಮಾಡತಿದ್ವಿ. ಮ್ಯಾಲ ಕುಂತಾವ್ರಿಗೆ ನಾವು ಕಾಣಸ್ತೀವೋ ಇಲ್ಲೋ ಅಂತ ಅವತ್ತಿಂದ ಒಂದ ವಿಚಾರ. ಒಂದ ಸರ್ತಿ ಮ್ಯಾಲಿಂದ ಆ ಹೊಲ ನೋಡಬೇಕು. ಟಿಕೀಟ ಬಂದೈತಿ, ಇವರು ನಿನ್ನ ಫೋನ್ ಹಿಡದು ಬ್ಯಾಡ ಅನ್ನಾಕ ಹತ್ಯಾರ. ನೀನ ಹಚ್ಚಿದ್ದು, ನೀನ ಬಿಡಸು."

ನನಗೆ ಖರೇನೇ ನಾಚಿಕೆಯಾಯಿತು. ಇಷ್ಟು ವರ್ಷ ಆಕೆ ಯಾರಲ್ಲಾದರೂ ಏನಾದರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಹೊರಡುವ ದಿನಕ್ಕೆ ಐದೇ ದಿನ ಉಳಿದಿದ್ದವು. ಏನಾದರೂ ಮಾಡುತ್ತೇನೆ ಎಂದು ಮಾತು ಕೊಟ್ಟೆ. ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ನನ್ನ ಮೇಲೆ ಅಷ್ಟು ಭರವಸೆ ಅವ್ವಾರಿಗೂ ಇರಲಿಲ್ಲವೆಂದು ಕಾಣುತ್ತದೆ. ಸೋಮವಾರ ಪೂಜೆಯ ಹೊತ್ತಿಗೆ ಫೋನನ್ನು ದೇವರ ಜಗುಲಿಯ ಮೇಲಿಟ್ಟು, ಹೊಸ ಗಾಡಿಗೆ ಹಚ್ಚುವಂತೆ ಮೂರು ಬೆರಳಿನಿಂದ ವಿಭೂತಿ ಹಚ್ಚಿ ಆರತಿ ಬೆಳಗಿದರು. ಮೂರು ಗೆರೆಯಲ್ಲಿ ಕೆಳಗಿನ ಗೆರೆ ನೇರ ಏಳು ಎಂಟು ಒಂಬತ್ತರ ಮೇಲೆ ಬಿತ್ತು. ಪುಡಿ ಒಳಗಿಳಿದು ಎಂಟರ ಗುಂಡಿ ಗಟ್ಟಿಯಾಯಿತು.

ಮಂಗಳವಾರ ಅಂಗಡಿಯ ಬಾಗಿಲು ತೆಗೆಯುವಾಗಲೇ ಮಾಸ್ತರರು ನಿಂತಿದ್ದರು. ಫೋನನ್ನು ನನ್ನ ಮೂಗಿನ ತನಕ ಹಿಡಿದರು.

"ಮೊದಲ ಬೀಳತಿತ್ತು. ಈಗ ಇಳಿಯೂದ ಬಿಟ್ಟೈತಿ. ಬಿದ್ರ ಒಂದ ಸರ್ತಿ ಸಾಯ್ತೀವಿ, ಮುಗೀತು. ಇಳೀಲೇ ಇಲ್ಲಂದ್ರ ಊಟಕ್ಕೇನ ಮಾಡೂಣು?"

೫. ಸೀರೆಯ ಮಾತು

ನಾನು ಬ್ರಷ್ ಹಿಡಿದು ಎಂಟರೊಳಗಿನ ವಿಭೂತಿ ತೆಗೆಯುತ್ತಿರುವಾಗ ದೇವರು ಕಳಿಸಿದಂತೆ ನೇಕಾರ ಕಾಕಾ ಬಂದರು. ನಾನು ವಿಷಯ ಹೇಳಿದೆ. ಅವರು ಸ್ಟೂಲು ಎಳೆದರು, ಖೋಕಾದಲ್ಲಿ ಕಾಲಿಟ್ಟರು, ಹಾರಿಸಿದರು, ಇಳಿಸಿದರು.

"ಇನ್ನೊಂದ ಸರ್ತಿ" ಎಂದರು ಮಾಸ್ತರರು. ಒಮ್ಮೆ ಸರಿಯಾದ ಲೆಕ್ಕವನ್ನು ಅವರು ಎಂದೂ ನಂಬಿದವರಲ್ಲ. ಕಾಕಾ ಮತ್ತೆ ಇಳಿಸಿದರು. ಮೂರನೆಯ ಸಲವೂ ಇಳಿಯಿತು.

ಮಾಸ್ತರರ ದನಿ ಸಣ್ಣದಾಯಿತು. "ಆದ್ರ ನನಗ ಬರವಲ್ದಲ್ರಿ."

"ನಿಮಗ ಬರಬೇಕಂತ ಯಾರ ಅಂದಾರ್ರಿ?" ಕಾಕಾ ಖೋಕಾದಿಂದ ಕಾಲು ತೆಗೆಯದೆಯೇ ಕೇಳಿದರು. "ನಿಮ್ಮನ್ನ ನಮ್ಮ ಮಗ್ಗದ ಮ್ಯಾಲ ಕುಂದರಿಸಿದ್ರ ನೂರ ಎಳಿ ಹರೀತಾವ. ಹಂಗಂತ ಮನ್ಯಾಗ ಅವ್ವಾರಿಗೆ ಸೀರಿ ಉಡಬ್ಯಾಡ ಅಂದೀರೇನು?"

ಮಾಸ್ತರರು ಬೆರಳಿನ ಗೆಣ್ಣು ಎಣಿಸಿ ನೋಡಿದರು, ಲೆಕ್ಕ ಕಾಕಾನ ಕಡೆಗೇ ಬಂತು. ಅವರು ಲೆಕ್ಕದಲ್ಲಿ ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಾಲಿಯ ಮೂರನೇ ಇಯತ್ತೆಯಿಂದ ಕಾದಿದ್ದ ಸಂತೋಷ ಅದು, ಸುಳ್ಳು ಯಾಕೆ ಹೇಳಲಿ. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡು, "ಆತು. ಹತ್ತತೀನಿ. ಆದ್ರ ಸುಮ್ಮ ಕುಂದರೂದಿಲ್ಲ. ಅಂವ ಅಲ್ಲಿ ನಡಸಲಿ, ನಾ ಇಲ್ಲಿ ಫೋನಿನ್ಯಾಗ ಕೂಡಾನ ನಡಸ್ತೇನಿ" ಎಂದರು.

ಮೆಟ್ಟಿಲು ಇಳಿದವರು ತಿರುಗಿ ಬಂದು ಕಾಕಾನ ಕಿವಿಯಲ್ಲಿ ಕೇಳಿದರು. "ಆ ಖೋಕಾ ವಿಮಾನದಾಗ ಒಯ್ಯಾಕ ಬಿಡ್ತಾರೇನ್ರಿ?"

೬. ಅವ್ವಾರ ಕೈ

ಹತ್ತು ದಿನದ ಮೇಲೆ ಇಬ್ಬರೂ ಮುಂಬಯಿಯಿಂದ ಸಾಂಬ್ರಾಕ್ಕೆ ಇಳಿದು, ಖಾನಾಪುರಕ್ಕೆ ಹೋಗುವ ಮೊದಲು ನೆಟ್ಟಗೆ ಅಂಗಡಿಗೇ ಬಂದರು. ಎಂದಿನಂತೆ ಮಾಸ್ತರರು ಹತ್ತು ಹೆಜ್ಜೆ ಮುಂದೆ.

"ಹೆಂಗಾತ್ರಿ ಸರ್?"

"ಹೋಗೂದು ಎಪ್ಪತ್ತೆಂಟು. ಬರೂದು ಎಂಬತ್ತೊಂದು" ಎಂದರು. "ಮುಂಬಯಿದಾಗ ಗಾಲಿ ಹಚ್ಚೂವಾಗ ವಿಮಾನ ನಡಸಾಂವ ಸ್ವಲ್ಪ ಜಿಗಿಸಿದ. ಇಳಿಯೂ ಮುಂದ ಬಾಗಲದಾಗ ನಿಂತಿದ್ದ, ಮಾರ್ಕ್ಸ್ ಹೇಳೇ ಬಂದೆ. ಇನ್ನೂ ಅಭ್ಯಾಸ ಬೇಕಪಾ ಅಂದೆ. ಹೂಂ ಸರ್ ಅಂದ. ಒಳ್ಳೆ ಹುಡುಗ." ಅಷ್ಟು ಹೇಳಿ, ನೇಕಾರ ಕಾಕಾನಿಗೂ ವರದಿ ಒಪ್ಪಿಸಬೇಕೆಂದು ಶಹಾಪುರದ ಕಡೆ ನಡೆದರು.

ಅವ್ವಾರು ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಕಾದಿದ್ದನ್ನು ಕೇಳಿದೆ. "ಅವ್ವಾರ, ಹೊಲ ಕಾಣಿಸ್ತೇನ್ರಿ?"

"ಹೊಲಾ?" ಎಂದು ನಗತೊಡಗಿದರು. "ಒಳಗ ಹ್ವಾದ ಕೂಡ್ಲೇ ವಿಮಾನದಾಗ ಕೆಲಸ ಮಾಡೂ ಹುಡಿಗಿ ಬಂದು ಫೋನ್ ಬಂದ್ ಮಾಡ್ರಿ ಅಂದ್ಲು. ಇವರ ಮಾರಿ ಬೆಳ್ಳಗಾತು. ತಮ್ಮ ಬೆರಳಿನ ಮ್ಯಾಲ ಒತ್ತಕೊಂತ ಕುಂದರ್ತಿದ್ರು, ಆದ್ರ ಒಂದ ಕೈ ಸೀಟ ಹಿಡದೈತಿ, ಇನ್ನೊಂದ ಕೈಯಾಗ ಹೆಬ್ಬೆರಳು ಗೆಣ್ಣ ತಪ್ಪಾಕ ಹತ್ತೈತಿ. ಅದಕ್ಕ ಗಬಕ್ಕನ ನನ್ನ ಕೈ ಹಿಡದ್ರು. ಸಾಂಬ್ರಾದಿಂದ ಮುಂಬಯಿ ತನಕಾ ಬಿಡಲಿಲ್ಲ. ಏರೂವಾಗ ಈ ಬೆರಳು, ಹೊಳ್ಳೂವಾಗ ಈ ಬೆರಳು. ಗಾಲಿ ಬಿಡೂ ಮುಂದ ಒತ್ತಿದ್ದು ನೋಡು, ಈ ನಡುಬೆರಳಿನ ಗೆಣ್ಣು ಇನ್ನೂ ನೋಯ್ತೈತಿ."

"ಅಯ್ಯ, ಹಂಗಾರ ಹೊಲ ನೋಡಲೇ ಇಲ್ಲೇನ್ರಿ? ಬರೂವಾಗರೆ?"

"ಬರೂವಾಗ ರೈಲಿಗೆ ಹೋಗೂಣು ಅಂದ್ರು. ನಾನ ಹಟಾ ಮಾಡಿ ವಿಮಾನಕ್ಕ ಹತ್ತಿಸಿದೆ. ಬರೂವಾಗೂ ನೋಡಲಿಲ್ಲ. ಕಿಟಕಿ ಬಾಜೂಕ ಕುಂತಿದ್ದೆ, ಹೊಳ್ಳಿ ನೋಡಿದ್ರ ಕೈ ಬಿಟ್ಟಾರಂತ ಅಂಜಿ ಸುಮ್ಮ ಕುಂತೆ."

ಅವ್ವಾರು ತಮ್ಮ ಕೈಯನ್ನು ತಾವೇ ತಿರುಗಿಸಿ ನೋಡಿಕೊಂಡರು. ಮದುವೆಯಾಗಿ ನಲವತ್ತು ವರ್ಷ, ಧಾರೆಯ ದಿನ ಹಿಡಿದ ಕೈಯನ್ನು ಮಾಸ್ತರರು ಮತ್ತೆ ಹಿಡಿದದ್ದು ಈಗಲೇ ಎಂದರು. ನಾನು ಧೂಳಿಲ್ಲದ ಕೌಂಟರನ್ನು ಮತ್ತೊಮ್ಮೆ ಒರೆಸಿದೆ. ಒರೆಸುತ್ತಲೇ, "ಇರಲಿ ಅವ್ವಾರ, ಮಾಸ್ತರನ್ನ ವಾರಕ್ಕೆರಡು ದಿನ ಕಳಸ್ರಿ. ಕಾಕಾನ ಕಡೆಯಿಂದ ಖೋಕಾದಾಗ ಕಾಲ ಇಡಿಸಿ, ಒಂದ ತಿಂಗಳದಾಗ ಪಕ್ಕಾ ಇಳಸೂದು ಕಲಸ್ತೀನಿ" ಎಂದೆ.

ಅವ್ವಾರು ಗಾಬರಿಯಿಂದ ಬಾಗಿಲ ಕಡೆ ನೋಡಿದರು. ಮಾಸ್ತರರು ಹತ್ತಿರದಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು ಕೌಂಟರಿನ ಮೇಲೆ ಬಾಗಿದರು.

"ಬ್ಯಾಡ ತಮ್ಮಾ. ನಿನ್ನ ಕಾಲ ಬೀಳ್ತೀನಿ, ಅವರಿಗೆ ಇಳಸೂದು ಒಂದ ಕಲಸಬ್ಯಾಡ."