ದೊಡ್ಡವ್ವ ದೃಷ್ಟಿ ತೆಗೆದದ್ದು

ನಮ್ಮ ದೊಡ್ಡವ್ವನ ಕೈಗೆ ಒಣಮೆಣಸಿನಕಾಯಿ ಸಿಕ್ಕರೆ ಅದು ಅಡುಗೆಗೆ ಬೀಳುತ್ತದೆ ಎಂಬ ಭರವಸೆ ಮನೆಯಲ್ಲಿ ಯಾರಿಗೂ ಇರಲಿಲ್ಲ! ಅವ್ವನ ಅಕ್ಕ ಈಕೆ. ಗಂಡ ತೀರಿದ ಮೇಲೆ ಉಗಾರ ಬುದ್ರುಕದ ನಮ್ಮ ಮನೆಗೆ ಬಂದು ನೆಲೆಸಿ, ಮನುಷ್ಯರು, ಎಮ್ಮೆ, ಹೊಸ ಸೈಕಲ್ಲು, ಯಾವುದನ್ನೂ ಬಿಡದೆ ದೃಷ್ಟಿ ತೆಗೆಯುತ್ತಿದ್ದಳು. ಟಿವಿಯಲ್ಲಿ ಚಿತ್ರ ನಡುಗಿದರೆ ನಾವು ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದೆವು, ಆಕೆ ಕೆಳಗೆ ಟಿವಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಿದ್ದಳು. ಚಿತ್ರ ಸರಿಯಾದರೆ ಹೆಸರು ಯಾರಿಗೆ? ಕೇಳುವುದೇ ಬೇಡ.

ನಮ್ಮಕ್ಕನನ್ನು ನೋಡಲು ಅಥಣಿಯಿಂದ ವರನ ಕಡೆಯವರು ಬಂದಾಗ, ಹುಡುಗಿ ಚೆನ್ನಾಗಿದ್ದಾಳೆ ಎಂದು ಯಾರೋ ಅಂದರು. ಅಂದದ್ದೇ ತಡ, ದೊಡ್ಡವ್ವ ಅವರೆದುರೇ ಅಕ್ಕನಿಗೆ ನಿವಾಳಿಸಿ ಮೆಣಸಿನಕಾಯಿಯನ್ನು ಒಲೆಗೆ ಹಾಕಿದಳು. ಘಾಟು ಬಂದರೆ ದೃಷ್ಟಿ ಆಗಿಲ್ಲವೆಂದು ಆಕೆಯ ಲೆಕ್ಕ. ಅಂದು ಅಕ್ಕನಿಗೆ ಏನೇನೂ ಆಗಿರಲಿಲ್ಲ. ಬೀಗರ ಬಳಗವೆಲ್ಲ ಕಣ್ಣೀರು ಸುರಿಸಿತು. ಹುಡುಗ ಕೆಮ್ಮುತ್ತ ತಲೆ ಅಲ್ಲಾಡಿಸಿದ್ದನ್ನೇ ಒಪ್ಪಿಗೆ ಎಂದು ತಿಳಿದು ಅಪ್ಪ ಸಕ್ಕರೆ ಹಂಚಿಬಿಟ್ಟ.

ಈ ನಗುವೆಲ್ಲ ಹಗಲಿಗೆ. ದೀಪ ಹಚ್ಚುವ ಹೊತ್ತಿಗೆ ಆಕೆಯ ಎದುರು ಕೂತವರಿಗೆ ನಗು ಬರುತ್ತಿರಲಿಲ್ಲ. ದನಿ ಇಳಿದು ಬೇರೆ ಯಾರದೋ ಆಗುತ್ತಿತ್ತು. ರೆಪ್ಪೆ ಬಡಿಯುತ್ತಿರಲಿಲ್ಲ. ಮುಷ್ಟಿ ಮುಖದ ಸುತ್ತ ತಿರುಗಿದಂತೆ ಅದರ ನೆರಳು ಗೋಡೆಯ ಮೇಲೆ ನಮ್ಮ ತಲೆಗಿಂತ ದೊಡ್ಡದಾಗಿ ತಿರುಗುತ್ತಿತ್ತು. "ಹಾದಿ ಕಣ್ಣು, ಬೀದಿ ಕಣ್ಣು, ನಾಯಿ ಕಣ್ಣು, ನರಿ ಕಣ್ಣು..." ಎಂದು ಊರಿನ ಕಣ್ಣುಗಳನ್ನೆಲ್ಲ ಕರೆಯುತ್ತಿದ್ದಳು. ಕರೆದರೆ ಅವು ಬಂದೇಬಿಟ್ಟಾವು ಎಂದು ನನಗೆ ಭಯ.

ಆರನೇ ಇಯತ್ತೆಯಲ್ಲಿದ್ದಾಗ ನಾನು ಊಟ ಬಿಟ್ಟೆ. ಶಾಲೆ ಎಂದರೆ ಜ್ವರ ಬರುತ್ತಿತ್ತು. ಕಾರಣ ಬಾಳ್ಯಾ. ನನ್ನ ತರಗತಿಯವನೇ, ನನಗಿಂತ ಬಹಳ ಎತ್ತರ. ಶಾಲೆ ಬಿಟ್ಟ ಮೇಲೆ ನನ್ನನ್ನು ಆಳೆತ್ತರದ ಕಬ್ಬಿನೊಳಗೆ ಎಳೆದೊಯ್ದು, ಅಲ್ಲೇ ಬಿಟ್ಟು ತಾನು ಮಾಯವಾಗುತ್ತಿದ್ದ. ಹಾಡುಹಗಲಲ್ಲೂ ಒಳಗೆ ಕತ್ತಲು. ಒಮ್ಮೆ ಎಡಕ್ಕೆ, ಒಮ್ಮೆ ಬೆನ್ನ ಹಿಂದೆ, ನನ್ನ ಹೆಸರು ಪಿಸುಗುಟ್ಟುತ್ತಿದ್ದ. ಓಡಿದರೆ ಕಾಲಿಗೆ ಕೋಲು. ಮನೆಯಲ್ಲಿ ಹೇಳಿದರೆ ಅಲ್ಲೇ ಹುಗಿಯುತ್ತೇನೆ ಎಂದಿದ್ದ, ನಾನು ನಂಬಿದ್ದೆ. ಶಾಲೆ ಬಿಡಿಸಿ ಎಮ್ಮೆ ಕಾಯಲು ಹಾಕು ಎಂದು ಅಪ್ಪನಿಗೆ ಅಂಗಲಾಚಿದೆ. ಅಪ್ಪ ಒಪ್ಪುವ ಹಾಗೂ ಕಾಣುತ್ತಿದ್ದ.

"ನೆದರ ಬಡದೈತಿ" ಎಂದು ದೊಡ್ಡವ್ವ ನನ್ನನ್ನು ಕೂಡಿಸಿದಳು. ನಾಯಿ, ನರಿ ಮುಗಿಸಿ ನನ್ನ ತರಗತಿಯವರ ಹೆಸರು ಹಿಡಿದಳು. ಸಿದ್ದ್ಯಾನ ಕಣ್ಣು ಆಯಿತು, ಅಪ್ಪಾಸಾನ ಕಣ್ಣು ಆಯಿತು. ಬಾಳ್ಯಾನ ಕಣ್ಣು ಎಂದಾಗ ನನ್ನ ಕಾಲು ತಾವಾಗಿಯೇ ಮಡಚಿಕೊಂಡವು. ಆಕೆಯ ಮುಷ್ಟಿ ಗಾಳಿಯಲ್ಲೇ ನಿಂತಿತು. ಮೆಣಸಿನಕಾಯಿಯೆಲ್ಲ ಬರೀ ನೆಪ, ಈ ಮಾಟಗಾತಿ ಇಷ್ಟು ವರ್ಷ ನೋಡುತ್ತಿದ್ದದ್ದು ನಮ್ಮ ಮುಖ!

ಮರುದಿನ ಸಂಜೆ ನನ್ನನ್ನೂ ಎಳೆದುಕೊಂಡು ಬಾಳ್ಯಾನ ಮನೆಗೆ ಹೊರಟಳು. ಜಗಳ ಕಟ್ಟಿಟ್ಟದ್ದು ಎಂದುಕೊಂಡೆ. ಆಕೆ ಅವನ ತಾಯಿಗೆ, ಹುಡುಗನಿಗೆ ದೃಷ್ಟಿಯಾಗಿದೆ ಎಂದಷ್ಟೇ ಹೇಳಿದಳು. ತಂದೆ ಇನ್ನೂ ಬಂದಿರಲಿಲ್ಲ. ಕರೆಂಟು ಹೋಗಿತ್ತು. ಚಿಮಣಿಯ ಬೆಳಕಿನಲ್ಲಿ ಬಾಳ್ಯಾ ನನ್ನತ್ತ ಹಲ್ಲು ಕಿರಿಯುತ್ತ ಕೂತ. ಮುಷ್ಟಿ ತಿರುಗಿತು. ಹಾದಿ ಕಣ್ಣಿಗೆ ನಕ್ಕ, ನರಿ ಕಣ್ಣಿಗೆ ನಕ್ಕ, ನನ್ನ ಹೆಸರಿಗಂತೂ ಜೋರಾಗಿಯೇ ನಕ್ಕ.

"ಅಪ್ಪನ ಕಣ್ಣು" ಎಂದಳು ದೊಡ್ಡವ್ವ.

ಬಾಳ್ಯಾನ ಎರಡೂ ಕೈ ತಲೆಯ ಮೇಲೆ ಹೋದವು. ಹೊಡೆತ ಬಿದ್ದೇಬಿಟ್ಟಿತು ಎಂಬಂತೆ ಕಣ್ಣು ಬಿಗಿಯಾಗಿ ಮುಚ್ಚಿ ಮುದುಡಿಕೊಂಡ. ಅಂಗಿ ಮೇಲೆ ಸರಿದು ಬೆನ್ನಿನ ಬಾಸುಂಡೆಗಳು ಕಂಡವು. ಬಾಗಿಲ ಹಿಂದೆ ಅವನ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೊರಗೆ ಯಾರೋ ಕೆಮ್ಮಿದ್ದಕ್ಕೆ ತಾಯಿ, ಮಗ, ನಾನು ಮೂವರೂ ಬೆಚ್ಚಿದೆವು. ಕಬ್ಬಿನಲ್ಲಿ ಕೂಡ ನಾನು ಅಷ್ಟು ಹೆದರಿರಲಿಲ್ಲ.

ದೊಡ್ಡವ್ವ ಮೆಣಸಿನಕಾಯಿಯನ್ನು ನೆಲಕ್ಕೆ ಬಿಟ್ಟು ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು.

"ತಂಗೀ, ಇದು ಮೆಣಸಿನಕಾಯಿಗೆ ಹೋಗೂ ನೆದರ ಅಲ್ಲ" ಎಂದು ತಾಯಿಗೆ ಮೆಲ್ಲಗೆ ಹೇಳಿದಳು. "ಇಂವ ಇವತ್ತಿಂದ ನಮ್ಮನ್ಯಾಗ ಇರಲಿ. ಇವರಪ್ಪ ಕೇಳಾಕ ಬಂದ್ರ ನಾ ಮಾತಾಡ್ತೀನಿ."

ನಮ್ಮ ಮನೆಯಲ್ಲಿ ಊಟಕ್ಕೆ ಕೂತ ಬಾಳ್ಯಾ ರೊಟ್ಟಿ ಮುಟ್ಟಲಿಲ್ಲ. ನಾಳೆ ಶಾಲೆಯ ದಾರಿಯಲ್ಲಿ ಅಪ್ಪ ಹಿಡಿದರೆ ಏನು ಮಾಡಲಿ ಎಂದು ದೊಡ್ಡವ್ವನನ್ನು ಕೇಳಿದ. ಅವನ ಹೆಗಲಿಗೂ ಬಾರದ ನಾನು, ಶಾಲೆಯೇ ಬೇಡವೆಂದು ಕೂತಿದ್ದ ನಾನು, ಬಾಯಿ ತೆರೆದೆ.

"ಒಬ್ಬಾಂವ ಹೋಗಬ್ಯಾಡ್ಲೇ. ನಾ ಬರ್ತೀನಿ ಜೋಡಿ."