ನನಗೆ ಬಂದ ಶಿಶು ಆರೈಕೆ ಸರ್ಟಿಫಿಕೇಟ್

ಮೂರು ಮಕ್ಕಳಲ್ಲಿ ಒಂದರ ಡೈಪರನ್ನೂ ಬದಲಾಯಿಸದ ನನಗೆ ಶಿಶು ಆರೈಕೆಯಲ್ಲಿ ಎ ಗ್ರೇಡ್ ಸರ್ಟಿಫಿಕೇಟ್ ಬಂದಿದೆ. ದಯವಿಟ್ಟು ಅಭಿನಂದಿಸಬೇಡಿ. ಆ ದಿನದಿಂದ ನನಗೆ ಅನ್ನ ರುಚಿಸುತ್ತಿಲ್ಲ.

ಸೌದಿಯ ಥುಕ್ಬಾದಲ್ಲಿ ನಾನು ಕೆಲಸ ಮಾಡುವ ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಬಂದ ಗಿರಾಕಿಯೊಬ್ಬ ತಲೆಗೆ ಹುಳ ಬಿಟ್ಟ. ಮಕ್ಕಳು ಹನ್ನೆರಡನೇ ತರಗತಿ ಮುಗಿಸುವ ಮೊದಲೇ ಆನ್‌ಲೈನಿನಲ್ಲಿ ಕಾಲೇಜಿನ ಕ್ರೆಡಿಟ್ಟನ್ನೂ ಕೆಲಸಕ್ಕಾಗುವ ಸರ್ಟಿಫಿಕೇಟನ್ನೂ ಗಳಿಸಬಹುದಂತೆ. ಮಂಗಳೂರಿನ ಒಂದು ಕಾಲೇಜು ಅಂಥವರನ್ನು ನೇರ ಎರಡನೇ ವರ್ಷಕ್ಕೆ ಸೇರಿಸಿಕೊಳ್ಳುತ್ತದಂತೆ. ನನ್ನ ಹಿರಿಮಗಳು ನಬೀಹಾಗೆ ಪುಟ್ಟ ಮಕ್ಕಳ ಟೀಚರ್ ಆಗುವ ಆಸೆ. ನನ್ನೊಳಗಿನ ದೂರದೃಷ್ಟಿಯ ಮಹಾಪುರುಷ ಎದ್ದು ಕುಳಿತ.

“ಥ್ರೋಬಾಲ್ ಬಿಡು,” ಎಂದೆ. ಶಾಲೆಯ ತಂಡಕ್ಕೆ ಅವಳೇ ಕ್ಯಾಪ್ಟನ್.

“ಈ ವರ್ಷ ರಿಯಾದಿನಲ್ಲಿ ಟೂರ್ನಮೆಂಟ್ ಉಂಟು ಉಪ್ಪಾ, ಪ್ಲೀಸ್.”

“ಬಾಲ್ ಎಸೆದ್ರೆ ಕ್ರೆಡಿಟ್ ಸಿಗ್ತದಾ?”

ಹೆಂಡತಿ ಮಿಸ್ರಿಯಾ ಅಡುಗೆಮನೆಯಿಂದಲೇ, “ಆಡ್ಲಿ ಮಾರಾಯ್ರೆ, ಇನ್ನೆಷ್ಟು ದಿನ ನಮ್ಮ ಜೊತೆ ಇರ್ತಾಳೆ ಅವಳು?” ಎಂದಳು. ನಾನು ಆಗಲೇ ಲ್ಯಾಪ್‌ಟಾಪ್ ತೆರೆದಿದ್ದೆ.

ಶಿಶು ಆರೈಕೆ ಕೋರ್ಸಿನ ಫಾರಂ ನಾನೇ ತುಂಬಿದೆ. (ಇಲ್ಲಿ ನಮ್ಮ ಮನೆಯ ಸಿಮ್, ಬಾಡಿಗೆ ಕರಾರು, ಇಂಟರ್ನೆಟ್, ಎಲ್ಲವೂ ನನ್ನ ವಾಸದ ಪರವಾನಗಿ ಇಕಾಮಾದ ಮೇಲೆಯೇ. ಇಪ್ಪತ್ತು ವರ್ಷದಲ್ಲಿ ಬೆರಳಿಗೇ ಅಭ್ಯಾಸವಾಗಿದೆ.) ಗುರುತಿನ ಸಂಖ್ಯೆ ಕೇಳಿದಲ್ಲಿ ನನ್ನ ನಂಬರನ್ನೇ ಒತ್ತಿದೆ; ಅದರ ಹಿಂದೆಯೇ ನನ್ನ ಹೆಸರೂ ಹೋಯಿತು. ಪರದೆಯ ಮೇಲೆ ದಿನವೂ ‘ಅಲಿಯಬ್ಬ’ ಎಂದು ಕಾಣುತ್ತಿತ್ತು. ಪಾಸ್‌ಪೋರ್ಟಿನಲ್ಲಿ ಮಗಳ ಹೆಸರಿನ ಕೊನೆಗೆ ನನ್ನ ಹೆಸರೇ ಇರುವುದರಿಂದ, ಪಾಪ, ಅವಳಿಗೂ ಸಂಶಯ ಬರಲಿಲ್ಲ.

ಹುಡುಗಿ ಒಂದು ವರ್ಷ ಜೀವ ತೇಯ್ದಳು. ತಂಡ ರಿಯಾದಿನಲ್ಲಿ ಕಪ್ ಎತ್ತಿದ ದಿನ ಅವಳು ಇಲ್ಲಿ ಕುಳಿತು, ಕೂಸಿಗೆ ಬಿಕ್ಕಳಿಕೆ ಬಂದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದಳು. ಗೆಳತಿಯರ ಫೋಟೋವನ್ನು ನನಗೇ ತೋರಿಸಿ, “ಚೆಂದ ಬಂದಿದೆ ಅಲ್ವಾ?” ಎಂದಳು.

ಕಳೆದ ವಾರ ಫಲಿತಾಂಶ ಬಂತು. ಇಪ್ಪತ್ತನಾಲ್ಕು ಕ್ರೆಡಿಟ್, ನಾಲ್ಕು ಸರ್ಟಿಫಿಕೇಟ್, ಎಲ್ಲವೂ ನಲವತ್ತೊಂಬತ್ತು ವರ್ಷದ ಶ್ರೀಮಾನ್ ಅಲಿಯಬ್ಬರಿಗೆ! ಕೋರ್ಸಿನವರಿಗೆ ಫೋನ್ ಮಾಡಿ ಗೋಗರೆದೆ. ಹೆಸರು ಬದಲಾಯಿಸಲು ಬರುವುದಿಲ್ಲ, ಮಗಳು ಬೇಕಾದರೆ ಮೊದಲಿನಿಂದ ಕಲಿಯಲಿ ಎಂದರು.

“ನೀವೇ ಹೋಗಿ ಮಂಗಳೂರಿಗೆ, ಸೀದಾ ಎರಡನೇ ವರ್ಷಕ್ಕೆ,” ಎಂದಳು ಮಿಸ್ರಿಯಾ. “ಹಾಸ್ಟೆಲಿಗೆ ಎಂತ ಉಪ್ಪಿನಕಾಯಿ ಕಟ್ಟಿ ಕೊಡ್ಲಿ?”

ನಬೀಹಾ ಮೊದಲು ನಕ್ಕಳು. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿದಳು. ನೀರು ತುಂಬಾ ಹೊತ್ತು ಸುರಿಯುತ್ತಲೇ ಇತ್ತು. ಹೊರಗೆ ನಿಂತಿದ್ದ ನನಗೆ ಬಾಗಿಲು ತಟ್ಟಲು ಮುಖವಿರಲಿಲ್ಲ. ಆಡಲು ಬಿಟ್ಟಿದ್ದರೆ ಒಂದು ಕಪ್ಪಾದರೂ ಅವಳ ಕೈಯಲ್ಲಿರುತ್ತಿತ್ತು. ನನ್ನ ಬುದ್ಧಿಗಿಷ್ಟು!

ನಿನ್ನೆ ಅವಳು ಕಾಲೇಜಿನ ಅರ್ಜಿ ತುಂಬಲು ಕುಳಿತಳು, ಮೊದಲ ವರ್ಷದ್ದೇ. ನಾನು ಪಕ್ಕಕ್ಕೆ ಕುರ್ಚಿ ಎಳೆದುಕೊಂಡೆ.

“ಬೇಡ ಉಪ್ಪಾ, ನಾನೇ ತುಂಬ್ತೇನೆ. ನಿಮ್ಮ ಮೊಬೈಲಿಗೆ ಒಟಿಪಿ ಬರ್ತದೆ, ಅದನ್ನು ಓದಿ ಹೇಳಿದ್ರೆ ಸಾಕು.”

ಕನ್ನಡಕ ಒರೆಸಿಕೊಂಡು ಒಂದೊಂದೇ ಅಂಕಿಯನ್ನು ಬಿಡಿಸಿ ಬಿಡಿಸಿ ಓದಿದೆ. ಅವಳು ಒಂದನ್ನೂ ಒತ್ತಲಿಲ್ಲ. ನನ್ನ ಕೈಯಿಂದ ಮೊಬೈಲನ್ನು ಮೆಲ್ಲಗೆ ತೆಗೆದುಕೊಂಡು, ಅಡುಗೆಮನೆಯ ಕಡೆ ತಿರುಗಿ ಕರೆದಳು:

“ಉಮ್ಮಾ, ಇದನ್ನು ನೀವೊಮ್ಮೆ ನೋಡಿ ಹೇಳಿ.”